ಕೋಳಿಗೆ ಪ್ರೋಟೀನ್ ಏರಿಸ್ತೀರಾ? ಮೊದಲು ಅದರ ಹಿಕ್ಕೆ ನೋಡ್ರಿ

ಗೆಳೆಯರೆ, ಪ್ರತಿ ಸಲ ಲಿಂಬಿ, ದಾಳಿಂಬೆ, ಜೀವಾಮೃತ ಅಂತ ಬರೆಯುವ ನಾನು ಈ ವಾರ ಕೋಳಿ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಕಾರಣ ಇದೆ. ಕಳೆದ ಎರಡು ತಿಂಗಳಲ್ಲಿ ನಮ್ಮ ಝಳಕಿ ಸುತ್ತಮುತ್ತಲಿನ ನಾಲ್ಕು ಹುಡುಗರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು: "ಅಣ್ಣಾ, ಕೋಳಿ ಲಗೂನ ತೂಕ ಬರಬೇಕಂದ್ರ ಪ್ರೋಟೀನ್ ಎಷ್ಟು ಏರಿಸಬೇಕು?" ನಾಲ್ಕೂ ಜನರಿಗೆ ಒಂದೇ ಉತ್ತರ ಕೊಟ್ಟೆ: "ಏರಿಸಬ್ಯಾಡ. ಮೊದಲು ಹಿಕ್ಕೆ ನೋಡು." ಒಬ್ಬ ನಕ್ಕ. ಒಬ್ಬನಿಗೆ ಸಿಟ್ಟು ಬಂತು. "ಯೂಟ್ಯೂಬ್‌ನ್ಯಾಗ ಎಲ್ಲಾರೂ ಪ್ರೋಟೀನ್ ಅಂತಾರ, ನೀ ಹಿಕ್ಕೆ ಅಂತೀಯಲ್ಲ" ಅಂದ.

ಇದೇ ತಪ್ಪನ್ನು ನಾನೂ ಮಾಡಿದ್ದೆ. ಅದರ ಬೆಲೆ 61 ಮರಿ.

ನಾನು ಮಾಡಿದ ತಪ್ಪು

ಬಾಗಲಕೋಟೆಯಲ್ಲಿ ತೋಟಗಾರಿಕೆ ಡಿಗ್ರಿ ಮುಗಿಸಿ ಊರಿಗೆ ಬಂದು, ಲಿಂಬಿ ತೋಟವನ್ನು ಸಾವಯವಕ್ಕೆ ತಿರುಗಿಸಿದ ಮೇಲೆ, ಗಿಡದ ಕೆಳಗೆ ಕೋಳಿ ಬಿಡೋಣ ಅಂತ ಮನಸ್ಸಾಯಿತು. ಕಸ ತಿಂತಾವ, ಹುಳ ತಿಂತಾವ, ಗೊಬ್ಬರ ಕೊಡ್ತಾವ, ಮೇಲೆ ಮೊಟ್ಟೆ. 200 ಮರಿ ತಂದೆ. ಅಂಗಡಿ ಫೀಡ್ ಬೇಡ, ಎಲ್ಲಾ ಮನೆಯದೇ ಇರಲಿ ಅಂತ ಹಟ ಹಿಡಿದೆ. ಸಿಂಥೆಟಿಕ್ ಅಮೈನೋ ಆಮ್ಲದ ಪುಡಿಯಂತೂ ಮನೆ ಬಾಗಿಲಿಗೂ ಬರಬಾರದು ಅಂದುಕೊಂಡೆ. ಸಾವಯವ ರೈತ ಅಂದಮೇಲೆ ಪುಡಿ ಯಾಕೆ ಅಂತ.

ಪುಡಿ ಬೇಡ ಅಂದಮೇಲೆ ಬೆಳವಣಿಗೆಗೆ ಏನು? ಪ್ರೋಟೀನ್. ಹಂಗಂತ ಗಾಣದ ಶೇಂಗಾ ಹಿಂಡಿ ಜೋರಾಗಿ ಹಾಕಿದೆ. ಸಂತೆಯಿಂದ ಒಣ ಮೀನಿನ ಪುಡಿ ತಂದು ಬೆರೆಸಿದೆ. ಸಾಲದ್ದಕ್ಕೆ ಪರಿಚಯದವರ ಹೊಲದ ಸೋಯಾ ಕಾಳನ್ನು ಹುರಿಯದೆ, ಬೇಯಿಸದೆ ಹಸಿಯಾಗಿಯೇ ಗಿರಣಿಯಲ್ಲಿ ಒಡೆಸಿ ಸೇರಿಸಿದೆ. ಲೆಕ್ಕ ಹಾಕಿದರೆ ಪ್ರೋಟೀನ್ ಶೇ. 26 ದಾಟುತ್ತಿತ್ತು. ವೇಗವಾಗಿ ಬೆಳೆಯುವ ಬ್ರಾಯ್ಲರ್ ಮರಿಗೇ ಶುರುವಿನಲ್ಲಿ ಶೇ. 22-23 ಸಾಕು. ನನಗೆ ಅದು ಗೊತ್ತಿತ್ತು. ಆದರೂ ಹೆಚ್ಚಾದರೆ ಏನು ನಷ್ಟ ಅಂದುಕೊಂಡೆ.

ಮೊದಲ ಎರಡು ವಾರ ಚೆನ್ನಾಗಿತ್ತು. ಮೂರನೇ ವಾರ ಶೆಡ್ಡಿನ ಬಾಗಿಲು ತೆಗೆದರೆ ಕಣ್ಣು ಉರಿಯತೊಡಗಿತು. ಹಾಸಿನ ಹೊಟ್ಟು ಒದ್ದೆಯಾಗಿ ಗಟ್ಟಿಯಾಯಿತು. ನಾಲ್ಕನೇ ವಾರ ಹಿಕ್ಕೆ ನೀರಾಗಿ, ನೊರೆಯಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿತು. ಮರಿಗಳು ಪುಕ್ಕ ಕೆದರಿಕೊಂಡು ಮೂಲೆ ಹಿಡಿದವು. ಆಮೇಲೆ ದಿನಾ ಬೆಳಿಗ್ಗೆ ನಾಲ್ಕು, ಆರು, ಒಂಬತ್ತು.

ಒಂದು ಅಂಗಡಿಯವರು ನೋಡದೇನೇ ಒಂದು ಆ್ಯಂಟಿಬಯೋಟಿಕ್ ಪುಡಿ ಕೊಟ್ಟರು. "ನೀರಿನ್ಯಾಗ ಕಲಿಸಿ ಕುಡಸ್ರಿ, ಎಲ್ಲಾ ನಿಂದರತೈತಿ" ಅಂದರು. ನಾನು ಕುಡಿಸಿದೆ. ಸಾವಯವದ ಹೆಸರಲ್ಲಿ ಚಿಟಿಕೆ ಅಮೈನೋ ಆಮ್ಲ ಬೇಡ ಅಂದ ಮನುಷ್ಯ, ಯಾವ ರೋಗ ಅಂತ ಗೊತ್ತಿಲ್ಲದೆ ಆ್ಯಂಟಿಬಯೋಟಿಕ್ ಕುಡಿಸಿದೆ. ಈಗಲೂ ನನಗೆ ನಾಚಿಕೆಯಾಗುವುದು ಇದಕ್ಕೇ.

ಪುಡಿಯಿಂದ ಸಾವು ನಿಲ್ಲಲಿಲ್ಲ. ಸತ್ತ ಎರಡು ಮರಿಗಳನ್ನು ಚೀಲದಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಹೋದೆ. ಅವರು ಕೊಯ್ದು ತೋರಿಸಿದರು. ಸಣ್ಣ ಕರುಳು ಗಾಳಿ ತುಂಬಿದ ಬಲೂನಿನ ಹಾಗೆ ಊದಿತ್ತು. ಮುಟ್ಟಿದರೆ ಹರಿಯುತ್ತಿತ್ತು. ಒಳಗಿನ ಪದರ ಟರ್ಕಿ ಟವೆಲ್ಲಿನ ಹಾಗೆ ಒರಟಾಗಿತ್ತು.

"ಏನ್ ತಿನಿಸ್ತೀರಿ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಕೋಳಿಗೆ ಉಣಸಿಲ್ಲರೀ. ಅದರ ಹೊಟ್ಟ್ಯಾಗಿನ ಹುಳಾಕ್ಕ ಉಣಿಸೀರಿ" ಅಂದರು.

ಹುಳ ಅಂದರೆ ಅವರ ಅರ್ಥದಲ್ಲಿ ಬ್ಯಾಕ್ಟೀರಿಯಾ. ಆ ಒಂದು ಮಾತು ಅರ್ಥ ಆಗಲು ನನಗೆ ಒಂದು ವರ್ಷ ಓದಬೇಕಾಯಿತು. ಓದಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಚೀಲದ ಮೇಲಿನ ಶೇಕಡಾ ಏನು ಹೇಳುತ್ತೆ?

ಫೀಡ್ ಚೀಲದ ಮೇಲೆ "ಕಚ್ಚಾ ಪ್ರೋಟೀನ್ ಶೇ. 20" ಅಂತ ಇರುತ್ತಲ್ಲ, ಅದು ಪ್ರೋಟೀನನ್ನು ನೇರವಾಗಿ ಅಳೆದ ಲೆಕ್ಕ ಅಲ್ಲ. ಲ್ಯಾಬಿನಲ್ಲಿ ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ, ಅಷ್ಟೇ. ಹಿಂಡಿಗೆ ಯಾರಾದರೂ ಯೂರಿಯಾ ಬೆರೆಸಿದರೂ ಆ ಅಂಕಿ ಏರುತ್ತೆ. ಕೋಳಿಗೆ ಯೂರಿಯಾದಿಂದ ಮೂರು ಕಾಸಿನ ಪ್ರಯೋಜನ ಇಲ್ಲ.

ಕೋಳಿಗೆ ನಿಜವಾಗಿ ಬೇಕಾಗಿರುವುದು ಪ್ರೋಟೀನ್ ಒಡೆದಾಗ ಸಿಗುವ ಅಮೈನೋ ಆಮ್ಲಗಳು. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳು ಒಟ್ಟು 20. ಅದರಲ್ಲಿ ಸುಮಾರು ಅರ್ಧದಷ್ಟನ್ನು ಕೋಳಿ ತನ್ನ ಮೈಯಲ್ಲಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಮೆಥಿಯೋನಿನ್, ಲೈಸಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್ ಇವೆಲ್ಲ ಆ ಗುಂಪಿನವು. ಆರ್ಜಿನಿನ್ ಕೂಡ. ನಮ್ಮ ಮೈ ಆರ್ಜಿನಿನ್ ಮಾಡಿಕೊಳ್ಳುತ್ತೆ, ಕೋಳಿಯ ಮೈಗೆ ಅದು ಆಗುವುದಿಲ್ಲ.

ಇವುಗಳ ಪ್ರಮಾಣ ಸರಿ ಇಲ್ಲದಿದ್ದರೆ ಏನಾಗುತ್ತೆ? ಚಕ್ಕಡಿ ಮಾಡುವ ಬಡಿಗ್ಯಾರ ಅಜ್ಜನನ್ನು ನೆನೆಸಿಕೊಳ್ಳಿ. ಅಂಗಳದಲ್ಲಿ 20 ಗಾಲಿ ಇವೆ, ನೊಗ ಮೂರೇ. ಚಕ್ಕಡಿ ಎಷ್ಟಾಗುತ್ತೆ? ಮೂರೇ. ಉಳಿದ 14 ಗಾಲಿ ಅಂಗಳದಲ್ಲೇ ಮಳೆಗೆ ನೆನೆಯುತ್ತಾ ಬೀಳುತ್ತವೆ. ಇನ್ನೂ ಹತ್ತು ಗಾಲಿ ತಂದರೂ ನಾಲ್ಕನೇ ಚಕ್ಕಡಿ ಆಗುವುದಿಲ್ಲ. ಶೇಂಗಾ ಹಿಂಡಿ ಜಾಸ್ತಿ ಹಾಕುವುದು ಅಂದರೆ ಹೀಗೆ ಗಾಲಿ ತರುವುದು. ಅದರಲ್ಲಿ ಪ್ರೋಟೀನ್ ಸೋಯಾ ಹಿಂಡಿಯ ಹತ್ತಿರ ಹತ್ತಿರ ಇದೆ. ಆದರೆ ಅದೇ ಪ್ರೋಟೀನಿನಲ್ಲಿ ಲೈಸಿನ್ ಸೋಯಾದ ಅರ್ಧದಷ್ಟೇ. ಮೆಥಿಯೋನಿನ್ನೂ ಕಡಿಮೆ.

ಇದು ನಮಗೆ ಹೊಸ ವಿಷಯವೇನಲ್ಲ. ಜೋಳದ ರೊಟ್ಟಿಯಲ್ಲಿ ಲೈಸಿನ್ ಕಡಿಮೆ, ತೊಗರಿ ಬ್ಯಾಳಿಯಲ್ಲಿ ಜಾಸ್ತಿ. ಬ್ಯಾಳಿಯಲ್ಲಿ ಮೆಥಿಯೋನಿನ್ ಕಡಿಮೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯಲ್ಲಿ ಅದು ಸಿಗುತ್ತೆ. ನಮ್ಮ ಅವ್ವಂದಿರು ತಾಟಿನಲ್ಲಿ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿದರು. ಕೋಳಿ ತಟ್ಟೆಗೆ ಮಾತ್ರ ನಾವು ಒಂದೇ ಹಿಂಡಿ ಸುರಿಯುತ್ತೇವೆ.

ಉಳಿದದ್ದು ಎಲ್ಲಿಗೆ ಹೋಗುತ್ತೆ?

ಉಳಿದ ಗಾಲಿಗಳಿಗೆ ಎರಡು ದಾರಿ.

ಮೊದಲನೇದು, ಜೀರ್ಣವಾಗಿ ರಕ್ತಕ್ಕೆ ಸೇರಿದರೂ ಬಳಕೆಗೆ ಬಾರದೆ ಉಳಿದ ಅಮೈನೋ ಆಮ್ಲ. ಇದನ್ನು ಕೋಳಿ ಒಡೆದು, ಯೂರಿಕ್ ಆಮ್ಲ ಮಾಡಿ ಹೊರಗೆ ಹಾಕುತ್ತೆ. ಹಿಕ್ಕೆಯ ಮೇಲೆ ಬಿಳಿ ಸುಣ್ಣದಂತೆ ಕಾಣುತ್ತಲ್ಲ, ಅದೇ. ಒದ್ದೆ ಹಾಸಿನಲ್ಲಿ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ನನ್ನ ಕಣ್ಣು ಉರಿದದ್ದು ಅದರಿಂದ. ನಾನು ದುಡ್ಡು ಕೊಟ್ಟು ತಂದ ಹಿಂಡಿಯೇ ಗಾಳಿಯಾಗಿ ನನ್ನ ಕಣ್ಣಿಗೆ ಬರುತ್ತಿತ್ತು. ಅಮೈನೋ ಆಮ್ಲಗಳನ್ನು ಸರಿದೂಗಿಸಿ ಪ್ರೋಟೀನನ್ನು ಒಂದು ಅಂಶ, ಅಂದರೆ ಶೇ. 20 ಇದ್ದದ್ದನ್ನು 19ಕ್ಕೆ ಇಳಿಸಿದರೆ, ಹಿಕ್ಕೆಯಲ್ಲಿ ಹೋಗುವ ಸಾರಜನಕ ಸುಮಾರು ಶೇ. 8ರಿಂದ 10 ಕಡಿಮೆಯಾಗುತ್ತೆ.

ಎರಡನೇದು, ಜೀರ್ಣವೇ ಆಗದೆ ಕೆಳಗೆ ಇಳಿಯುವ ಪ್ರೋಟೀನ್. ಕೋಳಿಯ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿ ಎರಡು ಉದ್ದನೆಯ ಚೀಲಗಳಿವೆ. ಅವಕ್ಕೆ ಕುರುಡುಗರುಳು ಅಂತಾರೆ. ಕೋಳಿ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಅತಿ ದಟ್ಟವಾಗಿರುವುದು ಅಲ್ಲಿ. ಆ ಚೀಲಗಳಿಗೆ ನಾರು, ಪಿಷ್ಟದಂಥ ಪದಾರ್ಥ ಹೋದರೆ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬ್ಯುಟಿರಿಕ್ ಆಮ್ಲದಂಥ ಒಳ್ಳೆಯ ಆಮ್ಲಗಳನ್ನು ಮಾಡುತ್ತವೆ. ಅದು ಕರುಳಿನ ಗೋಡೆಗೇ ಆಹಾರ. ಆಮ್ಲ ಇದ್ದಲ್ಲಿ ರೋಗಾಣುಗಳಿಗೂ ಕಷ್ಟ. ಅದೇ ಚೀಲಗಳಿಗೆ ಪ್ರೋಟೀನ್ ಹೋದರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅಮೋನಿಯಾ, ಹೈಡ್ರೋಜನ್ ಸಲ್ಫೈಡ್, ಇಂಡೋಲ್, ಅಮೈನ್‌ಗಳು ಹುಟ್ಟುತ್ತವೆ. ಇವು ಹೆಚ್ಚಾದರೆ ಕರುಳಿನ ಗೋಡೆಗೆ ವಿಷ.

ಜೀವಾಮೃತ ಮಾಡುವವರಿಗೆ ಇದನ್ನು ವಿವರಿಸುವುದೇ ಬೇಡ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, ಗೋಮೂತ್ರ ಹಾಕುತ್ತೇವೆ. ಒಮ್ಮೆ ಬೆಲ್ಲ ಬಿಟ್ಟು ಹಿಟ್ಟು ನಾಲ್ಕು ಪಟ್ಟು ಹಾಕಿ ನೋಡಿ. ಡ್ರಮ್ಮಿನ ಹತ್ತಿರ ನಿಲ್ಲಲು ಆಗುವುದಿಲ್ಲ. ಹಿಟ್ಟು ಕೆಟ್ಟದ್ದಲ್ಲ, ಲೆಕ್ಕ ತಪ್ಪಿದೆ ಅಷ್ಟೇ. ಕೋಳಿಯ ಕುರುಡುಗರುಳು ಕೂಡ ಅಂಥದ್ದೇ ಒಂದು ಡ್ರಮ್ಮು.

ನನ್ನ ಹಸಿ ಸೋಯಾ ಇಲ್ಲಿ ಬೆಂಕಿಗೆ ತುಪ್ಪ ಸುರಿದಿತ್ತು. ಹಸಿ ಸೋಯಾದಲ್ಲಿ ಟ್ರಿಪ್ಸಿನ್ ಅನ್ನುವ ಜೀರ್ಣರಸವನ್ನು ತಡೆಯುವ ಪದಾರ್ಥ ಇದೆ. ಪ್ರೋಟೀನ್ ಒಡೆಯುವುದೇ ಆ ರಸ. ಅದನ್ನೇ ತಡೆದರೆ ಸೋಯಾದ್ದಷ್ಟೇ ಅಲ್ಲ, ಜೊತೆಗಿದ್ದ ಬೇರೆ ಪ್ರೋಟೀನೂ ಜೀರ್ಣವಾಗದೆ ಕೆಳಗೆ ಇಳಿಯುತ್ತೆ. ಹದವಾಗಿ ಹುರಿದರೆ ಅಥವಾ ಬೇಯಿಸಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತೆ. ಹಾಗಂತ ಕಪ್ಪಾಗುವ ತನಕ ಹುರಿದರೆ ಲೈಸಿನ್ನೇ ಹಾಳು. ಇತ್ತೀಚೆಗೆ ಅಗ್ಗವಾಗಿ ಸಿಗುವ ಎಥನಾಲ್ ಕಾರ್ಖಾನೆಯ ಡಿಡಿಜಿಎಸ್ ಕೊಳ್ಳುವಾಗಲೂ ಇದು ನೆನಪಿರಲಿ. ಅದರ ಪ್ರೋಟೀನ್ ಅಂಕಿ ದೊಡ್ಡದು. ಒಣಗಿಸುವಾಗ ಕಾವು ಹೆಚ್ಚಾಗಿ ಬಣ್ಣ ಗಾಢವಾಗಿದ್ದರೆ ಅದರಲ್ಲಿ ಕೋಳಿಗೆ ದಕ್ಕುವ ಲೈಸಿನ್ ಕಡಿಮೆ.

ಒಳಗೇ ಇರುವ ಕಳ್ಳ

ನನ್ನ ಮರಿಗಳನ್ನು ಕೊಂದದ್ದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನುವ ಬ್ಯಾಕ್ಟೀರಿಯಾ. ರೋಗದ ಹೆಸರು ನೆಕ್ರೋಟಿಕ್ ಎಂಟರೈಟಿಸ್. ಈ ಬ್ಯಾಕ್ಟೀರಿಯಾ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಮಣ್ಣಿನಲ್ಲಿ ಇರುತ್ತೆ, ಆರೋಗ್ಯವಾಗಿರುವ ಕೋಳಿಯ ಕರುಳಿನಲ್ಲೂ ಸ್ವಲ್ಪ ಇರುತ್ತೆ. ಸುಮ್ಮನಿರುತ್ತೆ. ಇದಕ್ಕೊಂದು ದೌರ್ಬಲ್ಯ ಇದೆ. ತನಗೆ ಬೇಕಾದ ಅಮೈನೋ ಆಮ್ಲಗಳಲ್ಲಿ ಹತ್ತಕ್ಕೂ ಹೆಚ್ಚನ್ನು ಇದು ಸ್ವಂತ ಮಾಡಿಕೊಳ್ಳಲಾರದು, ಹೊರಗಿನಿಂದ ಸಿಗಬೇಕು. ಹಾಗಾಗಿ ಕರುಳಿನಲ್ಲಿ ಅಮೈನೋ ಆಮ್ಲ ಧಾರಾಳವಾಗಿ ಉಳಿದ ದಿನ ಇದಕ್ಕೆ ಜಾತ್ರೆ.

ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಬ್ರಾಯ್ಲರ್ ಕೋಳಿಗಳಿಗೆ ಒಂದು ಕಡೆ ಮೀನಿನ ಪುಡಿಯ ಪ್ರೋಟೀನ್, ಇನ್ನೊಂದು ಕಡೆ ಸೋಯಾ ಪ್ರೋಟೀನ್ ಕೊಟ್ಟರು. ಪ್ರಮಾಣವನ್ನು ಶೇ. 23ರಿಂದ 40ರ ತನಕ ಏರಿಸಿದರು. ಮೀನಿನ ಪುಡಿ ತಿಂದವುಗಳಲ್ಲಿ ಪ್ರೋಟೀನ್ ಏರಿದಂತೆ ಈ ಕ್ಲಾಸ್ಟ್ರಿಡಿಯಂ ಕೂಡ ಏರಿತು. ಸೋಯಾ ತಿಂದವುಗಳಲ್ಲಿ ಹಾಗೆ ಏರಲಿಲ್ಲ. ಅಂದರೆ ಎಷ್ಟು ಪ್ರೋಟೀನ್ ಅನ್ನುವುದರ ಜೊತೆಗೆ ಯಾವ ಪ್ರೋಟೀನ್ ಅನ್ನುವುದೂ ಮುಖ್ಯ. ಆಮೇಲೆ ಅದೇ ತಂಡದವರು ಗ್ಲೈಸಿನ್ ಅನ್ನುವ ಅಮೈನೋ ಆಮ್ಲದ ಬೆನ್ನು ಹತ್ತಿದರು. ಎಲುಬು, ಚರ್ಮ, ಮೀನಿನ ಪುಡಿಯಲ್ಲಿ ಇದು ಹೆಚ್ಚು. ಆಹಾರದಲ್ಲಿ ಗ್ಲೈಸಿನ್ ಅತಿಯಾದಾಗ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂ ಹೆಚ್ಚಾದದ್ದನ್ನು ಕಂಡರು. ಮರಿಗೆ ಗ್ಲೈಸಿನ್ ಬೇಕೇ ಬೇಕು, ತೊಂದರೆ ಅತಿಯಾದಾಗ.

ನನ್ನ ಒಣ ಮೀನಿನ ಪುಡಿಯ ಕಥೆ ಈಗ ನಿಮಗೆ ಅರ್ಥವಾಗಿರಬೇಕು.

ಹಾಗಂತ ಪ್ರೋಟೀನ್ ಒಂದೇ ಕಾರಣ ಅಂದರೆ ಸುಳ್ಳಾಗುತ್ತೆ. ಸಾಮಾನ್ಯವಾಗಿ ಮೊದಲು ಕಾಕ್ಸಿಡಿಯಾ, ಅಂದರೆ ರಕ್ತಭೇದಿಯ ಜೀವಿ, ಕರುಳಿನ ಗೋಡೆ ಕೆರೆದು ಗಾಯ ಮಾಡುತ್ತೆ. ಗಾಯದಿಂದ ಸೋರುವ ರಸ ಕೂಡ ಪ್ರೋಟೀನೇ. ಕ್ಲಾಸ್ಟ್ರಿಡಿಯಂಗೆ ಅದು ಎರಡನೇ ಊಟ. ನನ್ನ ಒದ್ದೆ ಹಾಸು ಕಾಕ್ಸಿಡಿಯಾಕ್ಕೆ ಮನೆ ಕೊಟ್ಟಿತ್ತು, ಹಾಸು ಒದ್ದೆಯಾಗಲು ಅತಿ ಪ್ರೋಟೀನೂ ಒಂದು ಕಾರಣ. ಹೆಚ್ಚಿನ ಯೂರಿಕ್ ಆಮ್ಲ ಹೊರಹಾಕಲು ಕೋಳಿ ಹೆಚ್ಚು ನೀರು ಕುಡಿಯುತ್ತೆ. ಒಂದರ ಬಾಲ ಇನ್ನೊಂದರ ಬಾಯಲ್ಲಿ.

ಕಡಿಮೆಯಾದರೂ ಕಷ್ಟ

ಇಷ್ಟು ಓದಿ "ಹಂಗಾದ್ರ ಹಿಂಡಿ ಬಂದ್ ಮಾಡ್ತೀನಿ" ಅನ್ನಬೇಡಿ. ಕೊರತೆಯೂ ಕರುಳನ್ನೇ ಕೆಡಿಸುತ್ತೆ.

ಕರುಳಿನ ಒಳಗೋಡೆಗೆ ಒಂದು ಲೋಳೆಯ ಪದರ ಇದೆ. ಬ್ಯಾಕ್ಟೀರಿಯಾ ಆಚೆ, ಕೋಳಿ ಈಚೆ, ನಡುವೆ ಈ ಲೋಳೆಯ ಬೇಲಿ. ಆ ಲೋಳೆಯ ಪ್ರೋಟೀನಿನಲ್ಲಿ ಥ್ರಿಯೋನಿನ್ ಬಹಳ. ಆಹಾರದಲ್ಲಿ ಥ್ರಿಯೋನಿನ್ ಕಡಿಮೆಯಾದರೆ ಬೇಲಿ ತೆಳುವಾಗುತ್ತೆ. ಗೋಡೆಯ ಜೀವಕೋಶಗಳಿಗೆ ಗ್ಲುಟಮಿನ್ ಇಂಧನ. ಮೆಥಿಯೋನಿನ್‌ನಿಂದ ಸಿಸ್ಟೀನ್ ಆಗುತ್ತೆ, ಅದರಿಂದ ದೇಹವನ್ನು ಕಾಯುವ ಗ್ಲುಟಥಯೋನ್ ಆಗುತ್ತೆ, ಪುಕ್ಕವೂ ಆಗುತ್ತೆ. ಮೆಥಿಯೋನಿನ್ ಕೊರತೆ ಇರುವ ಕೋಳಿಗಳು ಒಂದರ ಪುಕ್ಕ ಇನ್ನೊಂದು ಕಿತ್ತು ತಿನ್ನುವುದನ್ನು ನೀವೂ ನೋಡಿರಬಹುದು.

ಹಾಗಾಗಿ ಬೇಕಾದದ್ದು ಬೇಕಾದಷ್ಟು ಇರಬೇಕು, ಅದು ಸಣ್ಣ ಕರುಳಿನಲ್ಲೇ ಜೀರ್ಣವಾಗಿ ಕೋಳಿಗೇ ಸೇರಬೇಕು, ಕೆಳಗಿನ ಡ್ರಮ್ಮಿಗೆ ಕೊಳೆಯುವ ಪ್ರೋಟೀನ್ ಹೋಗಬಾರದು. ಕೋಳಿ ಆಹಾರದ ಪಾಠ ಇಷ್ಟೇ.

ಸಾವಯವ ಗೆಳೆಯರ ಜೊತೆ ನನ್ನ ಜಗಳ

ಈಗ ನನ್ನ ಅಭಿಪ್ರಾಯ. ಕೆಲವರಿಗೆ ಹಿಡಿಸಲಿಕ್ಕಿಲ್ಲ.

ಡಿಎಲ್-ಮೆಥಿಯೋನಿನ್ ಅನ್ನುವ ಪುಡಿ ರಾಸಾಯನಿಕ ಕಾರ್ಖಾನೆಯಲ್ಲಿ ಆಗುತ್ತೆ, ನಿಜ. ಆದರೆ ಎಲ್-ಲೈಸಿನ್, ಎಲ್-ಥ್ರಿಯೋನಿನ್ ಆಗುವುದು ಬ್ಯಾಕ್ಟೀರಿಯಾದಿಂದ. 1950ರ ದಶಕದಲ್ಲಿ ಜಪಾನಿನಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾ ಪತ್ತೆಯಾಯಿತು, ಕೊರಿನೆಬ್ಯಾಕ್ಟೀರಿಯಂ ಗ್ಲುಟಾಮಿಕಂ ಅಂತ. ಅದಕ್ಕೆ ಕಾಕಂಬಿಯಂಥ ಸಕ್ಕರೆ ಪದಾರ್ಥ ತಿನಿಸಿ ಲೈಸಿನ್ ಮಾಡಿಸುತ್ತಾರೆ. ಕಬ್ಬು ಬೆಳೆಯುವ ನಮ್ಮ ಜಿಲ್ಲೆಯವರಿಗೆ ಕಾಕಂಬಿ ಗೊತ್ತೇ ಇದೆ. ಈ ಪುಡಿಗಳು ಪ್ರೋಟೀನಿನ ಹಾಗೆ ಒಡೆಯಬೇಕಾಗಿಲ್ಲ, ಸಣ್ಣ ಕರುಳಿನ ಮೇಲ್ಭಾಗದಲ್ಲೇ ರಕ್ತಕ್ಕೆ ಸೇರುತ್ತವೆ. ಕುರುಡುಗರುಳಿನ ತನಕ ಹೋಗುವುದು ಬಹಳ ಕಡಿಮೆ.

ಆದರೂ ಯುರೋಪಿನ ಸಾವಯವ ನಿಯಮದಲ್ಲಿ ಸಿಂಥೆಟಿಕ್ ಅಮೈನೋ ಆಮ್ಲಕ್ಕೆ ಅವಕಾಶ ಇಲ್ಲ. ಅಮೆರಿಕದ ನಿಯಮದಲ್ಲಿ ಮೆಥಿಯೋನಿನ್ ಒಂದಕ್ಕೆ ಮಾತ್ರ ಮಿತಿ ಹಾಕಿ ಬಿಟ್ಟಿದ್ದಾರೆ. ಮೊಟ್ಟೆ ಕೋಳಿಗೆ, ಮಾಂಸದ ಕೋಳಿಗೆ ಟನ್ ಆಹಾರಕ್ಕೆ ಹೆಚ್ಚುಕಡಿಮೆ 1 ಕೆಜಿ. ಯಾಕೆ ಬಿಟ್ಟರು? ಅದನ್ನು ನಿಷೇಧಿಸಿದರೆ ರೈತರು ನನ್ನ ಹಾಗೆ ಪ್ರೋಟೀನ್ ಸುರಿಯುತ್ತಾರೆ, ಕೋಳಿಗೂ ತೊಂದರೆ, ಪರಿಸರಕ್ಕೂ ತೊಂದರೆ ಅನ್ನುವ ವಾದ ಅಲ್ಲಿ ವರ್ಷಗಟ್ಟಲೆ ನಡೆದಿದೆ.

ನಾನು ಆ ವಾದದ ಕಡೆಗೆ ವಾಲುತ್ತೇನೆ. ಎನ್‌ಪಿಒಪಿ ಪ್ರಮಾಣಪತ್ರ ಇದ್ದವರು ಪ್ರಮಾಣೀಕರಣ ಸಂಸ್ಥೆಯನ್ನು ಕೇಳದೆ ಯಾವ ಪುಡಿಯನ್ನೂ ಮುಟ್ಟಬೇಡಿ. ನಿಯಮ ನಿಯಮವೇ. ನನ್ನ ಲಿಂಬಿ ತೋಟ ಸಾವಯವ, ಆದರೆ ಕೋಳಿಗೆ ನಾನು ಆ ಪ್ರಮಾಣಪತ್ರ ತಗೊಂಡಿಲ್ಲ. ಗಿರಾಕಿಗಳಿಗೆ ಹಾಗಂತಲೇ ಹೇಳಿ ಮಾರುತ್ತೇನೆ. ಮರಿಗಳ ಮೊದಲ ಆರು ವಾರ ಪಶುವೈದ್ಯರು ಹೇಳಿದಷ್ಟು ಮೆಥಿಯೋನಿನ್ ಹಾಕುತ್ತೇನೆ. ಅದರಿಂದ ಪ್ರೋಟೀನ್ ಕಡಿಮೆ ಮಾಡಲು ಆಯಿತು. ಅಂದಿನಿಂದ ಆ್ಯಂಟಿಬಯೋಟಿಕ್ ಚೀಟಿ ಬರೆಸುವ ಪ್ರಸಂಗ ನನಗೆ ಬಂದಿಲ್ಲ.

ಆ್ಯಂಟಿಬಯೋಟಿಕ್ ವಿಷಯ ಸಣ್ಣದಲ್ಲ. ಬೆಳವಣಿಗೆಗೆ ಅಂತ ಫೀಡಿನಲ್ಲಿ ಆ್ಯಂಟಿಬಯೋಟಿಕ್ ಹಾಕುವುದನ್ನು ಯುರೋಪ್ 2006ರ ಜನವರಿಯಿಂದ ನಿಲ್ಲಿಸಿತು. ಕೊಲಿಸ್ಟಿನ್ ಅಂದರೆ ಬೇರೆ ಔಷಧ ನಾಟದಾಗ ಮನುಷ್ಯರಿಗೆ ಕೊಡುವ ಕೊನೆಯ ಅಸ್ತ್ರ. ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ, ಕೋಳಿಗೆ ಅದನ್ನು ಬಳಸುವುದನ್ನು ನಮ್ಮ ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ರೋಗ ಬಂದಾಗ ವೈದ್ಯರು ಬರೆದುಕೊಟ್ಟ ಔಷಧ ಕೊಡುವುದು ಬೇರೆ. ಆಹಾರದ ತಪ್ಪನ್ನು ಮುಚ್ಚಲು ಔಷಧ ಕುಡಿಸುವುದು ಬೇರೆ. ಎರಡನೇದನ್ನು ಮಾಡಿದವನು ನಾನು, ಅದಕ್ಕೇ ಹೇಳುತ್ತಿದ್ದೇನೆ.

ಪ್ರೋಬಯೋಟಿಕ್, ಮಜ್ಜಿಗೆ ಕೊಡುವ ಗೆಳೆಯರಿಗೂ ಒಂದು ಮಾತು. ಕೊಡಿ, ಬೇಡ ಅನ್ನಲ್ಲ. ಆದರೆ ದಿನಾ ಕೊಳೆಯುವ ಪ್ರೋಟೀನ್ ಸುರಿಯುತ್ತಾ ಮೇಲೆ ಎರಡು ಚಮಚ ಒಳ್ಳೆಯ ಬ್ಯಾಕ್ಟೀರಿಯಾ ಬಿಟ್ಟರೆ ಅವು ಅಲ್ಲಿ ಏನು ತಿಂದು ಬದುಕಬೇಕು?

ನಾಳೆಯಿಂದ ಏನು ಮಾಡಬಹುದು?

ಕರಾರಿನ ಮೇಲೆ ಬ್ರಾಯ್ಲರ್ ಸಾಕುವವರಿಗೆ ಫೀಡ್ ಆಯ್ಕೆ ಕೈಯಲ್ಲಿಲ್ಲ. ಈ ಮಾತು ಮನೆಯಲ್ಲೇ ಮಿಶ್ರಣ ಮಾಡಿ ಜವಾರಿ, ಗಿರಿರಾಜ, ಸ್ವರ್ಣಧಾರ, ವನರಾಜದಂಥ ಕೋಳಿ ಸಾಕುವವರಿಗೆ.

1. ಒಂದೇ ಹಿಂಡಿ ನಂಬಬೇಡಿ. ಸೋಯಾದಲ್ಲಿ ಲೈಸಿನ್ ಇದೆ, ಮೆಥಿಯೋನಿನ್ ಸಾಲದು. ಎಳ್ಳಿನ ಹಿಂಡಿ, ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಇದೆ, ಲೈಸಿನ್ ಸಾಲದು. ಎಳ್ಳಿನ ಪ್ರೋಟೀನಿನಲ್ಲಿ ಮೆಥಿಯೋನಿನ್ ಸೋಯಾದ ಸುಮಾರು ದುಪ್ಪಟ್ಟು. ಮೂರೂ ಕೂಡಿದರೆ ಕೆಲಸ ಆಗುತ್ತೆ.

2. ಆರು ವಾರ ದಾಟಿದ, ಹಗಲು ತೋಟದಲ್ಲಿ ಮೇಯುವ ನನ್ನ ಕೋಳಿಗಳಿಗೆ 100 ಕೆಜಿ ಮಿಶ್ರಣ ಹೀಗೆ: ಗೋವಿನಜೋಳ 40 ಕೆಜಿ, ಜೋಳ 15, ಸಜ್ಜೆ 10, ಸೋಯಾ ಹಿಂಡಿ 15, ಸೂರ್ಯಕಾಂತಿ ಹಿಂಡಿ 8, ಎಳ್ಳಿನ ಹಿಂಡಿ 5, ತೌಡು 4, ಖನಿಜ ಮಿಶ್ರಣ ಮತ್ತು ಉಪ್ಪು ಸೇರಿ 3. ಪ್ರೋಟೀನ್ ಶೇ. 17-18ರ ಹತ್ತಿರ ಬರುತ್ತೆ. ಇದು ನನ್ನ ತೋಟದ ಲೆಕ್ಕ. ನಿಮ್ಮ ತಳಿ, ವಯಸ್ಸು, ಮೇವಿಗೆ ತಕ್ಕಂತೆ ಪಶುವೈದ್ಯರನ್ನೋ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿ ಬದಲಿಸಿಕೊಳ್ಳಿ. ಮೊಟ್ಟೆ ಇಡುವ ಕೋಳಿಗೆ ಸುಣ್ಣದಂಶ ಬೇರೆ ಬೇಕು. ಮರಿಗಳಿಗೆ ಇದು ಸಾಲದು.

3. ಹಸಿ ಸೋಯಾ ಎಂದೂ ಬೇಡ. ಬೂಷ್ಟು ಹಿಡಿದ ಶೇಂಗಾ ಹಿಂಡಿ ಬೇಡವೇ ಬೇಡ, ಅದರ ಅಫ್ಲಟಾಕ್ಸಿನ್ ವಿಷ ಯಕೃತ್ತನ್ನು ತಿನ್ನುತ್ತೆ.

4. ಕಾಳು ಕುಟ್ಟಿಸುವಾಗ ಹಿಟ್ಟು ಮಾಡಬೇಡಿ, ನುಚ್ಚು ಇರಲಿ. ನುಚ್ಚು ತಿಂದರೆ ಗಟ್ಟಿಹೊಟ್ಟೆಗೆ ಅರೆಯುವ ಕೆಲಸ ಸಿಗುತ್ತೆ. ಅರೆದದ್ದು ಚೆನ್ನಾಗಿ ಜೀರ್ಣವಾಗುತ್ತೆ.

5. ಹುಳ ತಿನಿಸಿ. ಗೊಬ್ಬರದ ಗುಂಡಿಯ ಹುಳ, ಗೆದ್ದಲು ಒಳ್ಳೆಯ ಅಮೈನೋ ಆಮ್ಲ ಕೊಡುತ್ತವೆ. ಸತ್ತ ಪ್ರಾಣಿಯ ಮೇಲಿನ ಹುಳ ಮಾತ್ರ ಬೇಡ. ಅದರಿಂದ ಬೊಟುಲಿಸಂ ಆಗಿ ಕೋಳಿ ಕತ್ತು ಜೋತುಬಿಟ್ಟು ಸಾಯುತ್ತೆ.

6. ಪ್ರೋಟೀನ್ ಇಳಿಸುವ ಪೈಪೋಟಿಗೂ ಬೀಳಬೇಡಿ. ಬಹಳ ಇಳಿಸಿದರೆ ಬೇರೆ ಯಾವುದೋ ನೊಗ ಕಡಿಮೆ ಬೀಳುತ್ತೆ.

7. ದಿನಾ ಬೆಳಿಗ್ಗೆ ಹಿಕ್ಕೆ ನೋಡಿ. ಗಟ್ಟಿಯಾಗಿ, ಮೇಲೆ ಬಿಳಿ ಟೊಪ್ಪಿಗೆ ಇದ್ದರೆ ಒಳ್ಳೆಯದು. ನಡುನಡುವೆ ಚಾಕಲೇಟ್ ಬಣ್ಣದ ಅಂಟಂಟು ಹಿಕ್ಕೆ ಬಂದರೆ ಹೆದರಬೇಡಿ, ಅದು ಕುರುಡುಗರುಳಿನದು, ಸಹಜ. ಅದೇ ನೊರೆ ನೊರೆಯಾಗಿ, ಹಳದಿಯಾಗಿ, ಕೆಟ್ಟ ವಾಸನೆ ಬಂದರೆ ಆಹಾರದ ಲೆಕ್ಕ ನೋಡಿ. ನೀರಾಗಿ, ಕಿತ್ತಳೆ ಅಥವಾ ರಕ್ತ ಕಂಡರೆ ಫೋಟೋ ತೆಗೆದು ಅವತ್ತೇ ಪಶುವೈದ್ಯರಿಗೆ ತೋರಿಸಿ. ಮೊಬೈಲ್ ಇರುವುದು ಇದಕ್ಕೂ ಹೌದು.

8. ಶೆಡ್ಡಿನಲ್ಲಿ ನಿಂತು ವಾಸನೆ ನೋಡಬೇಡಿ. ಮರಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕೂತು ನೋಡಿ. ನಿಮ್ಮ ಕಣ್ಣು ಉರಿದರೆ ಮರಿಯ ಕಣ್ಣು ಮೂರು ದಿನದಿಂದ ಉರಿಯುತ್ತಿದೆ ಅಂತ ತಿಳೀರಿ.

ಆಯಿ ಹೇಳಿದ್ದು

61 ಮರಿ ಸತ್ತ ವಾರ ನಮ್ಮ ಆಯಿ ಒಂದು ಮಾತು ಆಡಿದ್ದಳು. ಅವಳು ಜೀವಮಾನವಿಡೀ ಹತ್ತು ಹನ್ನೆರಡು ಜವಾರಿ ಕೋಳಿ ಸಾಕಿದವಳು. ಬೆಳಿಗ್ಗೆ ಬುಟ್ಟಿ ತೆಗೆದು ಬಿಟ್ಟರೆ ತಿಪ್ಪಿ ಕೆದರಿ ಹುಳ ತಿಂದು, ಬೇಲಿ ಕೆಳಗಿನ ಹಸಿರು ತಿಂದು, ಸಂಜೆ ಬಂದಾಗ ಒಂದು ಬೊಗಸೆ ಜೋಳ. ಅಷ್ಟೇ. ಪ್ರೋಟೀನ್ ಅನ್ನುವ ಶಬ್ದ ಅವಳಿಗೆ ಗೊತ್ತಿರಲಿಲ್ಲ.

"ಯಾಕೋ ತಮ್ಮಾ, ದಿನಾ ಹೋಳಿಗಿ ಉಣಿಸಿದ್ರ ನಿನ್ನ ಹೊಟ್ಟಿ ತಡೀತೈತೇನು?" ಅಂದಳು.

ಅವಳ ಹತ್ತು ಕೋಳಿಯ ಪದ್ಧತಿಯಿಂದ 200 ಕೋಳಿ ಸಾಕಲು ಆಗುವುದಿಲ್ಲ, ಅದು ನನಗೂ ಗೊತ್ತು. ಅಷ್ಟು ತಿಪ್ಪಿ ಎಲ್ಲಿದೆ? ಹಾಗಾಗಿ ನಾವು ಲೆಕ್ಕ ಕಲಿಯಲೇಬೇಕು. ಮುಂದಿನ ಸಲ ಹಿಂಡಿ ತರಲು ಗಾಡಿ ಹತ್ತುವ ಮುಂಚೆ ಶೆಡ್ಡಿಗೆ ಹೋಗಿ ಒಂದು ಐದು ನಿಮಿಷ ಕೂತು ನೆಲ ನೋಡಿ. ಹಿಕ್ಕೆ ಸರಿ ಇಲ್ಲದಿದ್ದರೆ ಹಿಂಡಿಯ ಎರಡನೇ ಚೀಲ ತರಬೇಡಿ. ಅದನ್ನು ತಿನ್ನುವುದು ನಿಮ್ಮ ಕೋಳಿ ಅಲ್ಲ.